ಕೋವಿ ಹೆಗಲಿಗೆ ಹಾಕಿಕೊಂಡು ಹೋಗುವಾಗ ಪ್ರವಾಸಿಗರು ಪ್ರಶ್ನೆ ಕೇಳಿದರೆ ನೀವು ಏನು ಹೇಳುತ್ತೀರಿ?

ಪೊನ್ನಂಪೇಟೆ_ಹುಡುಗಿ ಕೇಳಿದ್ದು:

ನಮ್ಮದು ಕೊಡಗಿನ ಪೊನ್ನಂಪೇಟೆ ಕಡೆ. ಅಪ್ಪನ ಜೊತೆ ಕಾಫಿ ತೋಟ ನೋಡಿಕೊಳ್ಳುತ್ತೇನೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬಂತೆಂದರೆ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ನಾನೂ ಹೊಡೆಯುತ್ತೇನೆ. ಅಜ್ಜನ ಕಾಲದ ಒಂಟಿ ನಳಿಗೆ ಕೋವಿ ಮನೆಯಲ್ಲಿದೆ. ಬೆಳಿಗ್ಗೆ ಅದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ, ನಳಿಗೆಯ ತುದಿಗೆ ತೋಕ್ ಪೂ, ಅಂದರೆ ಕೋವಿ ಹೂವು ಸಿಕ್ಕಿಸಿ, ದೀಪದ ಮುಂದಿಟ್ಟು ಪೂಜೆ ಮಾಡುತ್ತೇವೆ. ಕಡಂಬಿಟ್ಟು, ಪಂದಿಕರಿ ಊಟ ಮುಗಿಸಿ, ಕೋವಿ ಹೆಗಲಿಗೆ ಹಾಕಿಕೊಂಡು ಮೈದಾನಕ್ಕೆ ನಡೆದೇ ಹೋಗುವುದು.

ನಾನು ಚಿಕ್ಕವಳಿದ್ದಾಗ ಆ ರಸ್ತೆಯಲ್ಲಿ ಎದುರಾಗುತ್ತಿದ್ದವರೆಲ್ಲ ಗುರುತಿನವರೇ. ಈಗ ಇರ್ಪು ಜಲಪಾತಕ್ಕೆ ಹೋಗುವ ಕಾರುಗಳು ಸಾಲುಗಟ್ಟಿ ಬರುತ್ತವೆ. ಕಳೆದ ಹಬ್ಬದಲ್ಲಿ ಒಬ್ಬರು ಕಾರು ನಿಲ್ಲಿಸಿ, "ಇದು ನಿಜವಾದ ಗನ್ನಾ? ಲೈಸೆನ್ಸ್ ಇದೆಯಾ? ಹೆಣ್ಣುಮಗಳಿಗೆ ಯಾಕಮ್ಮಾ ಇದೆಲ್ಲ?" ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಎಳನೀರು ಅಂಗಡಿ ಹತ್ತಿರ ಇನ್ನೊಬ್ಬ ತಾಯಿ ನನ್ನನ್ನು ಕಂಡ ಕೂಡಲೇ ಮಗುವನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು. ಆ ಮಗುವಿನ ಮುಖ ಈಗಲೂ ಕಣ್ಣಮುಂದಿದೆ. ಆಮೇಲೆ ಇಬ್ಬರು ಹುಡುಗರು ಕೇಳದೇ ವಿಡಿಯೋ ಮಾಡಿ, "ಅಕ್ಕಾ, ಒಂದ್ಸಲ ಕೊಡಿ, ಫೋಟೋ ತೆಗೆಸಿಕೊಳ್ತೀವಿ" ಅಂದರು.

ಅಮ್ಮ ಹೇಳುವುದು, "ಸುಮ್ನೆ ತಲೆ ತಗ್ಗಿಸಿ ಹೋಗು" ಅಂತ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಹಬ್ಬದ ದಿನ ನಮ್ಮೂರಿನ ರಸ್ತೆಯಲ್ಲಿ ನಾನು ಯಾಕೆ ತಲೆ ತಗ್ಗಿಸಬೇಕು? ಹಾಗಂತ ಹೆದರಿದವರ ಹತ್ತಿರ ದಬಾಯಿಸಿ ಮಾತಾಡುವುದೂ ನನಗೆ ಬೇಕಿಲ್ಲ. ಗೊತ್ತಿಲ್ಲದವರಿಗೆ ಮರ್ಯಾದೆಯಿಂದ, ಚಿಕ್ಕದಾಗಿ ಏನು ಹೇಳಬಹುದು? ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ನಿವೃತ್ತ_ಸುಬೇದಾರ್_ವಿರಾಜಪೇಟೆ:

ನೋಡಮ್ಮ, ಮಾತಿನ ವಿಷಯ ಆಮೇಲೆ. ಮೊದಲು ಕೋವಿ ಹೇಗಿದೆ ಅಂತ ನೋಡು. ನಿನ್ನದು ಹಿಂದಿನಿಂದ ತೋಟೆ (ಕಾರ್ಟ್ರಿಜ್) ಹಾಕುವ ಕೋವಿ ಅಲ್ವಾ? ಹಾಗಾದರೆ ನಳಿಗೆಯನ್ನು ಕೀಲಿನ ಹತ್ತಿರ ಬಿಚ್ಚಿ, ಬಗ್ಗಿದ ಹಾಗೆಯೇ ತೋಳಿನ ಮೇಲೆ ಇಟ್ಟುಕೊಂಡು ಹೋಗು. ಹಿಂದಿನ ತೂತು ಖಾಲಿ ಇರುವುದು ಯಾರಿಗಾದರೂ ಕಾಣುತ್ತದೆ. ಕೋವಿಯ ಗಂಧ ಗಾಳಿ ಗೊತ್ತಿಲ್ಲದವನಿಗೂ ಇದು ಈಗ ಸಿಡಿಯುವುದಿಲ್ಲ ಎಂದು ಅರ್ಥವಾಗುತ್ತದೆ. ತೋಟೆ ಬೇರೆ ಚೀಲದಲ್ಲಿರಲಿ. ಸ್ಪರ್ಧೆಯ ಗೆರೆಯ ಹತ್ತಿರ ನಿನ್ನ ಹೆಸರು ಕೂಗಿದ ಮೇಲೆಯೇ ಅದು ಕೈಗೆ ಬರಬೇಕು. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಇರುವವರಿಗೆ ಈ ಅನುಕೂಲ ಇಲ್ಲ. ಒಳಗೆ ಮದ್ದು ತುಂಬಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಅವರು ಮೈದಾನ ಮುಟ್ಟುವ ತನಕ ತುಂಬಲೇಬಾರದು.

ಇನ್ನೊಂದು ವಿಷಯ ಹೇಳುತ್ತೇನೆ. ಜನ ಇದನ್ನು ಗಮನಿಸುವುದೇ ಇಲ್ಲ. ಕಾರಿನಲ್ಲಿ ಕೂತವರು ಏನೋ ಕೇಳಿದರೆ ನಾವು ಕಿಟಕಿಯ ಕಡೆ ಬಗ್ಗುತ್ತೇವೆ. ಆಗ ಹೆಗಲಲ್ಲಿರುವ ಕೋವಿಯ ತುದಿ ಸೀದಾ ಒಳಗೆ ಕೂತವರ ಮುಖಕ್ಕೆ ತಿರುಗುತ್ತದೆ. ನೀನು ನಗುತ್ತಲೇ ಮಾತಾಡುತ್ತಿರುತ್ತೀಯ, ಅವರ ಕಣ್ಣೆಲ್ಲ ಆ ತೂತಿನ ಮೇಲೆ ಇರುತ್ತದೆ. ಅದಕ್ಕೇ ಬಗ್ಗಬೇಡ. ನಾಲ್ಕು ಹೆಜ್ಜೆ ದೂರ ನಿಂತು, ನೆಟ್ಟಗೆ ಮಾತಾಡು. ಅವರಿಗೆ ಬೇಕಿದ್ದರೆ ಇಳಿದು ಬರಲಿ.

ಫೋಟೋಗೆ ಕೊಡಿ ಅನ್ನುವವರಿಗೆ ಒಂದೇ ಉತ್ತರ: "ಪೂಜೆ ಮಾಡಿದ ಕೋವಿ, ಬೇರೆಯವರ ಕೈಗೆ ಕೊಡುವುದಿಲ್ಲ." ಅದು ನಿಜವೂ ಹೌದು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇರುವುದು ನಿನಗೆ. ದಾರಿಯಲ್ಲಿ ಸಿಕ್ಕಿದ ಹುಡುಗನಿಗಲ್ಲ.

ದಾವಣಗೆರೆ_ಬೆಣ್ಣೆ:

ನಾನು ಆ ಮಗು ಎಳೆದುಕೊಂಡ ತಾಯಿಯ ಪರವಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ಕೋವಿ ಕಾಣುವುದು ಬ್ಯಾಂಕಿನ ಗಾರ್ಡ್ ಹತ್ತಿರ, ಇಲ್ಲಾಂದ್ರೆ ಪೊಲೀಸರ ಹತ್ತಿರ. ಅಂಗಿ ಪ್ಯಾಂಟು ಹಾಕಿದ ಸಾಮಾನ್ಯ ಮನುಷ್ಯ ಕೋವಿ ಹಿಡಿದು ರಸ್ತೆಯಲ್ಲಿ ಬಂದರೆ ಏನೋ ಅನಾಹುತ ಆಗಿದೆ ಅಂತಲೇ ಮನಸ್ಸಿಗೆ ಬರುವುದು. ಆ ಕ್ಷಣದಲ್ಲಿ ಕೊಡಗು, ಪರಂಪರೆ ಯಾವುದೂ ನೆನಪಾಗುವುದಿಲ್ಲ. ಕೈ ಮೊದಲು ಮಕ್ಕಳ ಕಡೆ ಹೋಗುತ್ತದೆ.

ಭಾಗಮಂಡಲಕ್ಕೆ ಹೋದಾಗ ನಮಗೂ ಹೀಗೇ ಆಯಿತು. ಮೊದಲು ಸಿಕ್ಕವನು ಒಬ್ಬ ಹುಡುಗ. ನಮ್ಮ ಯಜಮಾನರು ಕೇಳಿದ್ದಕ್ಕೆ "ನಮಗೆ ಲೈಸೆನ್ಸ್ ಬೇಡ" ಅಂದವನೇ ಹೋಗಿಬಿಟ್ಟ. ಅವನು ಹೇಳಿದ್ದು ಸರಿಯೇ ಇರಬಹುದು. ಆದರೆ ಲೈಸೆನ್ಸ್ ಇಲ್ಲದ ಕೋವಿ ಅಂತ ಕೇಳಿ ನಮಗೆ ಇನ್ನಷ್ಟು ದಿಗಿಲಾಯಿತು. ಸ್ವಲ್ಪ ಮುಂದೆ ಒಬ್ಬ ವಯಸ್ಸಾದವರು ಸಿಕ್ಕರು. ಕಪ್ಪು ನಿಲುವಂಗಿ ಕುಪ್ಯ, ಕೆಂಪು ಸೊಂಟಪಟ್ಟಿ ಚೇಲೆ, ಸೊಂಟದಲ್ಲಿ ಪೀಚೆಕತ್ತಿ ಅನ್ನುವ ಚಿಕ್ಕ ಕತ್ತಿ, ಹೆಗಲಲ್ಲಿ ಕೋವಿ. ನಾವು ಕೇಳುವ ಮೊದಲೇ ಅವರೇ, "ಎಲ್ಲಿಂದ ಬಂದ್ರಿ? ಊಟ ಆಯ್ತಾ? ಇವತ್ತು ನಮ್ಮ ಹಬ್ಬ, ಆಯುಧಕ್ಕೆ ಪೂಜೆ" ಅಂದರು. ನನ್ನ ಮಗ ಕೋವಿಗೆ ಹೂವು ಯಾಕೆ ಅಂತ ಕೇಳಿದ. ನಾಟಿ ಕೆಲಸ ಮುಗಿಯುವ ತನಕ ಆಯುಧಗಳನ್ನು ದೇವರ ಕೋಣೆಯಲ್ಲಿ ಇಡುತ್ತಿದ್ದ ಪದ್ಧತಿಯನ್ನು ಅವನಿಗೆ ಅರ್ಥವಾಗುವ ಹಾಗೆ ಹೇಳಿದರು. ಅವನು ಊರಿಗೆ ಬಂದು ಸ್ಕೂಲಿನಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ.

ಹಾಗಾಗಿ ನಿಮಗೆ ನನ್ನ ಸಲಹೆ, ಅವರು ಕೇಳಲಿ ಅಂತ ಕಾಯಬೇಡಿ. ಹೆದರಿದ ಮುಖ ಕಂಡರೆ ನೀವೇ ಮೊದಲು ಮಾತಾಡಿಸಿ. ಕೇಳದೆ ವಿಡಿಯೋ ಮಾಡಿದ ಆ ಹುಡುಗರ ವಿಷಯ ಬೇರೆ. ಅವರಿಗೆ ನಿಲ್ಲಿಸಿ ಅಂತ ಖಡಕ್ಕಾಗಿ ಹೇಳಿದರೂ ತಪ್ಪಿಲ್ಲ.

ಮಡಿಕೇರಿ_ವಕೀಲ:

ನಮ್ಮದು ಅರೆಭಾಷೆ ಗೌಡರ ಮನೆ, ಜಮ್ಮಾ ಹಿಡುವಳಿ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು. ಈ ಪ್ರಶ್ನೆ ನಮಗೂ ಬರುತ್ತದೆ. ಜೊತೆಗೆ "ನೀವು ಕೊಡವರಲ್ಲವಲ್ಲ, ನಿಮಗೆ ಹೇಗೆ?" ಅಂತಲೂ ಕೇಳುತ್ತಾರೆ. ಈ ವಿನಾಯಿತಿ ಕೊಡವರಿಗೂ ಇದೆ, ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇದೆ, ಯಾವ ಜಾತಿ ಧರ್ಮದವರಾದರೂ ಸರಿ. ಇದನ್ನು ನಮ್ಮವರೇ ಎಷ್ಟೋ ಜನ ಸರಿಯಾಗಿ ಹೇಳುವುದಿಲ್ಲ.

ಕಾನೂನಿನ ಕಥೆ ಚಿಕ್ಕದಾಗಿ ಇಷ್ಟು. 1857ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧ ಕಸಿದುಕೊಳ್ಳುವ ಕಾಯ್ದೆ ತಂದರು. 1861ರಲ್ಲಿ ಆಗಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರನ್ನು ಅದರಿಂದ ಹೊರಗಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಅದರ ಅಡಿಯಲ್ಲಿ 1963ರ ಅಧಿಸೂಚನೆ ಈ ವಿನಾಯಿತಿಯನ್ನು ಮುಂದುವರಿಸಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಅರ್ಜಿ ಹೋಗಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಇದು ಕಾಲಮಿತಿಯ, ಷರತ್ತುಗಳಿರುವ ವಿನಾಯಿತಿ. ಜಿಲ್ಲೆಯ ಹೊರಗೆ ಒಯ್ಯುವಾಗ ಎಷ್ಟು ಕೋವಿ, ಎಷ್ಟು ತೋಟೆ ಅನ್ನುವುದಕ್ಕೂ ಮಿತಿ ಇದೆ.

ಇಷ್ಟನ್ನೂ ರಸ್ತೆಯಲ್ಲಿ ನಿಂತು ಹೇಳಲು ಹೋಗಬೇಡಿ. ಪೊಲೀಸರು ಕೇಳಿದರೆ ಮಾತು ಕಡಿಮೆ ಮಾಡಿ, ವಿನಾಯಿತಿ ಪತ್ರ ತೋರಿಸಿ. ಅದರ ಜೆರಾಕ್ಸ್ ಯಾವಾಗಲೂ ಜೊತೆಗಿರಲಿ. ದಾರಿಹೋಕರಿಗೆ ಪತ್ರ ತೋರಿಸಬೇಕಾದ ಅಗತ್ಯ ಇಲ್ಲ. "ಹೌದು, ಜಿಲ್ಲಾಡಳಿತದ ಪತ್ರ ಇದೆ" ಅಂದರೆ ಸಾಕು. "ಲೈಸೆನ್ಸ್ ಬೇಡ" ಅನ್ನುವುದಕ್ಕಿಂತ ಅದು ಎಷ್ಟೋ ವಾಸಿ, ದಾವಣಗೆರೆಯ ಅಕ್ಕ ಹೇಳಿದ ಕಾರಣಕ್ಕೇ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಯಾರೋ "ಒಂದು ಈಡು ಹೊಡೆದು ತೋರಿಸಿ" ಅಂತ ಕೇಳಿದರೆ ಮರ್ಯಾದೆಗೆ ಕಟ್ಟುಬಿದ್ದು ಹೊಡೆಯಬಾರದು. 2019ರ ತಿದ್ದುಪಡಿಯ ಪ್ರಕಾರ ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸುಗ್ಗಿ ಹಬ್ಬ ಹುತ್ತರಿಯ ದಿನ ಗದ್ದೆಯಲ್ಲಿ ಕದಿರು ತೆಗೆಯುವಾಗ ಹಿರಿಯರು ಹಾರಿಸುವ ಈಡಿಗೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಜಾಗ ಗೊತ್ತಿರುತ್ತದೆ, ಎತ್ತ ಹಾರಿಸಬೇಕು ಅನ್ನುವುದೂ ಗೊತ್ತಿರುತ್ತದೆ.

ಆಸ್ಟಿನ್_ಕನ್ನಡಿಗ:

ಟೆಕ್ಸಾಸ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ 2016ರಿಂದ ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಕಾಣುವ ಹಾಗೆ ಸೊಂಟಕ್ಕೆ ಕಟ್ಟಿಕೊಂಡು ಓಡಾಡಬಹುದಿತ್ತು. 2021ರ ಸೆಪ್ಟೆಂಬರ್‌ನಿಂದ ಹೆಚ್ಚಿನವರಿಗೆ ಆ ಲೈಸೆನ್ಸೂ ಬೇಕಿಲ್ಲ. ಉದ್ದ ಬಂದೂಕಿಗಂತೂ ಮೊದಲಿನಿಂದಲೂ ಬೇಕಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಎಲ್ ಪಾಸೋದ ವಾಲ್‌ಮಾರ್ಟ್‌ನಲ್ಲಿ ಒಬ್ಬ ಗುಂಡು ಹಾರಿಸಿ 23 ಜನರ ಪ್ರಾಣ ತೆಗೆದ. ಮುಂದಿನ ತಿಂಗಳು, ದಯವಿಟ್ಟು ಕಾಣುವ ಹಾಗೆ ಬಂದೂಕು ತರಬೇಡಿ ಎಂದು ಆ ಕಂಪನಿಯೇ ಗಿರಾಕಿಗಳನ್ನು ಕೇಳಿಕೊಂಡಿತು. ಕಾನೂನು ಬಿಡುತ್ತದೆ, ಅಂಗಡಿಯವರು ಬೇಡ ಅನ್ನುತ್ತಾರೆ, ಎರಡೂ ಇಲ್ಲಿ ಒಟ್ಟಿಗೇ ನಡೆಯುತ್ತವೆ.

ನನ್ನ ಪಕ್ಕದ ಮನೆಯವರು ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡೇ ತಿರುಗುತ್ತಾರೆ. ಯಾರಾದರೂ ಅದರ ಬಗ್ಗೆ ಮಾತಾಡಿಸಿದರೆ ಅವರ ಎರಡೂ ಕೈ ಮುಂದೆ, ಎಲ್ಲರಿಗೂ ಕಾಣುವ ಹಾಗೆ ಇರುತ್ತವೆ. ಮಾತು ಮುಗಿಯುವ ತನಕ ಒಂದು ಸಲವೂ ಕೈ ಸೊಂಟದ ಕಡೆ ಹೋಗುವುದಿಲ್ಲ. ಬೇಡ ಅಂದ ಅಂಗಡಿಯಿಂದ ವಾದ ಮಾಡದೆ ಹೊರಗೆ ಬರುತ್ತಾರೆ. ಬಂದೂಕಿನ ವಿಷಯದಲ್ಲಿ ಅವರಿಗೂ ನನಗೂ ತುಂಬಾ ಭಿನ್ನಾಭಿಪ್ರಾಯ ಇದೆ. ಆದರೂ ಅವರ ಪಕ್ಕ ನಿಂತು ಮಾತಾಡಲು ನನಗೆ ಭಯವಿಲ್ಲ.

ಪೊನ್ನಂಪೇಟೆ_ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಸುಬೇದಾರ್ ಅಂಕಲ್, ಕಿಟಕಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಈ ಸಲ ಹೀಗೆ ಹೇಳಬೇಕು ಅಂದುಕೊಂಡಿದ್ದೇನೆ: "ನಮಸ್ಕಾರ, ಇವತ್ತು ನಮ್ಮ ಕೈಲ್ ಪೊಳ್ದ್, ಆಯುಧ ಪೂಜೆಯ ಹಬ್ಬ. ಕೋವಿ ಖಾಲಿ ಇದೆ, ನೋಡಿ. ಪತ್ರವೂ ಇದೆ. ಮೈದಾನದಲ್ಲಿ ತೆಂಗಿನಕಾಯಿಗೆ ಹೊಡೆಯುವ ಸ್ಪರ್ಧೆ ಇದೆ, ಹಗ್ಗದ ಆಚೆ ನಿಂತು ನೋಡಬಹುದು, ಬನ್ನಿ." ಹೆಣ್ಣುಮಗಳಿಗೆ ಯಾಕೆ ಅನ್ನುವವರಿಗೆ ಬೇರೆ ಉತ್ತರ ಇಟ್ಟುಕೊಂಡಿಲ್ಲ. ಅವರೂ ಬಂದು ನೋಡಲಿ. ನಮ್ಮ ಚಿಕ್ಕಮ್ಮ ಹೊಡೆಯುವುದನ್ನು ನೋಡಿದ ಮೇಲೆ ಯಾರೂ ಮತ್ತೆ ಅದನ್ನು ಕೇಳಿಲ್ಲ.

ಒಂದು ಅನುಮಾನ ಉಳಿದಿದೆ. ಸ್ಪರ್ಧೆ ಮುಗಿಸಿ ಬರುವಾಗ ಗೋಣಿಕೊಪ್ಪದ ಪೇಟೆಯಲ್ಲಿ ಸಾಮಾನು ತೆಗೆದುಕೊಳ್ಳಬೇಕು. ಅಂಗಡಿಗೂ ಹೀಗೇ ಹಿಡಿದುಕೊಂಡು ಹೋಗಬಹುದಾ?

ನಿವೃತ್ತ_ಸುಬೇದಾರ್_ವಿರಾಜಪೇಟೆ:

ಬೇಡಮ್ಮ. ಕೋವಿ ಮೊದಲು ಮನೆಗೆ ಹೋಗಲಿ. ಹಬ್ಬದ ಸಂಜೆ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಮಕ್ಕಳ ತಲೆಯೆಲ್ಲ ನಿನ್ನ ಸೊಂಟದ ಎತ್ತರಕ್ಕೆ ಇರುತ್ತದೆ. ದುಡ್ಡು ಕೊಡಲು ಎರಡೂ ಕೈ ಬೇಕು, ಆಗ ಕೋವಿಯನ್ನು ಗಲ್ಲಾಪೆಟ್ಟಿಗೆಗೆ ಒರಗಿಸುತ್ತೀಯ. ಅದೇ ಬೇಡ ಅನ್ನುವುದು. ನಿನ್ನ ಮಾತು ಚೆನ್ನಾಗಿದೆ. "ಖಾಲಿ ಇದೆ, ನೋಡಿ" ಅನ್ನುವಾಗ ಕೋವಿಯನ್ನು ಅವರ ಕಡೆ ಚಾಚಬೇಡ. ನಳಿಗೆ ನೆಲಕ್ಕೆ ಬಗ್ಗಿಸಿಯೇ ಇಟ್ಟು, ನೀನು ಅಡ್ಡ ತಿರುಗಿ ನಿಲ್ಲು. ಇದನ್ನು ಅಪ್ಪನ ಎದುರು ಒಮ್ಮೆ ಮಾಡಿ ನೋಡು.