ಅಪ್‌ಡೇಟ್: ತೀರಿಕೊಂಡ ತಂದೆಯವರ ಗೂಗಲ್ ಮತ್ತು ಫೇಸ್‌ಬುಕ್ ಖಾತೆಗಳು

ಮಂಡ್ಯದಲ್ಲಿ ತೀರಿಕೊಂಡ ನಮ್ಮ ತಂದೆಯವರ ಖಾತೆಗಳನ್ನು ಮುಚ್ಚಿಸುವುದು ಹೇಗೆಂದು ಕೇಳಿದ್ದೆ. ಈಗ ಎರಡೂ ಇತ್ಯರ್ಥವಾಗಿವೆ. ಅವರ ಸಿಮ್‌ಗೆ ಬರುವ ಒಟಿಪಿಯಿಂದ ಪಾಸ್‌ವರ್ಡ್ ಬದಲಿಸಬಹುದೆಂಬ ಸಲಹೆ ಫಲಿಸಲಿಲ್ಲ, ಏಕೆಂದರೆ ರೀಚಾರ್ಜ್ ಇಲ್ಲದೆ ಆ ಸಂಖ್ಯೆ ಅಷ್ಟರಲ್ಲಾಗಲೇ ನಿಂತುಹೋಗಿತ್ತು. ಕೆಲಸಕ್ಕೆ ಬಂದದ್ದು, ಮೃತರ ಖಾತೆಗೆಂದೇ ಗೂಗಲ್ ಇಟ್ಟಿರುವ ಅರ್ಜಿಯನ್ನು ತುಂಬಿರಿ ಎಂದವರ ಮಾತು. ನನ್ನ ಗುರುತಿನ ಚೀಟಿಯನ್ನೂ ಮರಣ ಪ್ರಮಾಣಪತ್ರವನ್ನೂ ಲಗತ್ತಿಸಿದೆ. ಪ್ರಮಾಣಪತ್ರದಲ್ಲಿ ಕನ್ನಡದ ಜೊತೆಗೆ ಇಂಗ್ಲಿಷೂ ಇದ್ದುದರಿಂದ ನೋಟರಿ ದೃಢೀಕರಿಸಿದ ಅನುವಾದದ ತಾಪತ್ರಯ ತಪ್ಪಿತು. ಗೂಗಲ್‌ನವರು ಪಾಸ್‌ವರ್ಡನ್ನು ಯಾರಿಗೂ ಕೊಡುವುದಿಲ್ಲ, ಖಾತೆಯೊಳಗಿನ ಮಾಹಿತಿಯನ್ನೂ ಸುಲಭವಾಗಿ ಕೊಡುವುದಿಲ್ಲ. ಫೋಟೋಗಳೆಲ್ಲ ಅದೃಷ್ಟಕ್ಕೆ ಫೋನಿನ ಮೆಮೊರಿ ಕಾರ್ಡ್‌ನಲ್ಲೇ ಸಿಕ್ಕಿದ್ದರಿಂದ ಖಾತೆ ಮುಚ್ಚಬೇಕೆಂದಷ್ಟೇ ಕೋರಿದೆ, ಮುಚ್ಚಿದರು.

ಫೇಸ್‌ಬುಕ್ ಖಾತೆಯನ್ನು ಅಮ್ಮನ ಇಚ್ಛೆಯಂತೆ ಅಳಿಸದೆ, ಸ್ಮರಣಾರ್ಥ ಖಾತೆಯಾಗಿ ಉಳಿಸಿಕೊಂಡೆವು. ಹಾಗೆ ಬದಲಾದ ಮೇಲೆ ಪಾಸ್‌ವರ್ಡ್ ಗೊತ್ತಿದ್ದವರೂ ಒಳಹೋಗಲಾರರು ಎಂಬುದು ನನಗೆ ಹೊಸ ವಿಷಯ. ಬೇಕಾದ್ದೇನಾದರೂ ಇದ್ದರೆ ಮೊದಲೇ ಉಳಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು, ನಾವು 3ರಿಂದ 18 ತಿಂಗಳವರೆಗೆ ಬಳಸದೆ ಬಿಟ್ಟ ಖಾತೆಯ ಮಾಹಿತಿ ಯಾರಿಗೆ ತಲುಪಬೇಕೆಂದು ಗೂಗಲ್ ಸೆಟ್ಟಿಂಗ್ಸ್‌ನಲ್ಲಿ 10 ಮಂದಿಯವರೆಗೆ ಹೆಸರಿಸಲು ಅವಕಾಶವಿದೆ. ನಾನು ತಂಗಿಯ ಹೆಸರು ಕೊಟ್ಟಿದ್ದೇನೆ. ಅವಳು ಮಾತ್ರ ಇನ್ನೂ ಯಾರ ಹೆಸರನ್ನೂ ಕೊಟ್ಟಿಲ್ಲ.