ಗೋವಾದಲ್ಲಿ ವೃತ್ತಿ ತೆರಿಗೆ ಇಲ್ಲವಂತೆ. ಮುಂಬೈಯ ಕೆಲಸ ಬೇಡವೆಂದು ಅಲ್ಲಿಗೇ ಹೋಗಲೇ?

ಧಾರವಾಡದವಳು, ಈಗ ಚಿಂಚವಡ

ಎಲ್ಲರಿಗೂ ನಮಸ್ಕಾರ. ಎರಡು ಕಂಪನಿಗಳಿಂದ ಕೆಲಸಕ್ಕೆ ಕರೆ ಬಂದಿದೆ. ಸೋಮವಾರದೊಳಗೆ ಉತ್ತರ ಕೊಡಬೇಕು. ಮೂರು ರಾತ್ರಿಯಿಂದ ಮಗಳ ಹಳೆಯ ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ ಕೂಡಿಸಿ ಕಳೆಯುತ್ತಿದ್ದೇನೆ, ಪ್ರತಿ ಸಲವೂ ಬೇರೆ ಉತ್ತರ ಬರುತ್ತಿದೆ.

ಔಷಧ ತಯಾರಿಕೆಯಲ್ಲಿ ಗುಣಮಟ್ಟ ಪರೀಕ್ಷೆ ನನ್ನ ಕೆಲಸ, ಹನ್ನೊಂದು ವರ್ಷವಾಯಿತು. ಪುಣೆಯ ಚಿಂಚವಡದಲ್ಲಿ ಈಗ ತಿಂಗಳಿಗೆ 78,000 ಕೈಗೆ ಬರುತ್ತದೆ, 23,000 ಮನೆ ಬಾಡಿಗೆಗೆ ಹೋಗುತ್ತದೆ. ಮುಂಬೈಯ ಅಂಧೇರಿಯವರು ವರ್ಷಕ್ಕೆ 15 ಲಕ್ಷದ ಸಿಟಿಸಿ, ಅಂದರೆ ನನಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಬರೆದುಕೊಟ್ಟಿದ್ದಾರೆ. ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನವರದು 12.6 ಲಕ್ಷ. ಎರಡರಲ್ಲೂ ಮೂಲ ವೇತನ ಸಿಟಿಸಿಯ ಅರ್ಧ. ಕಂಪನಿ ಕಟ್ಟುವ ಭವಿಷ್ಯ ನಿಧಿ ಮತ್ತು ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಸಿಟಿಸಿಯೊಳಗೇ ಸೇರಿವೆ. ಮನೆ ಬಾಡಿಗೆ ಭತ್ಯೆ ಮೂಲ ವೇತನದ ಅರ್ಧ.

ನನ್ನ ತಮ್ಮ ಅಮೆರಿಕದ ಡಾಲಸ್‌ನಲ್ಲಿದ್ದಾನೆ. "ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಾಸಿಗೆ ಬಂದ ತಿಂಗಳೇ ಸಂಬಳ ಹೆಚ್ಚಾದಂತಾಯಿತು, ಇಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ನೀನೂ ರಾಜ್ಯ ನೋಡಿ ಆರಿಸಿಕೋ ಅಕ್ಕ" ಎನ್ನುತ್ತಾನೆ. ನನ್ನ ಸಂಬಳದ ಚೀಟಿಯಲ್ಲಿ ತಿಂಗಳಿಗೆ 200, ಫೆಬ್ರವರಿಯಲ್ಲಿ 300 ರೂಪಾಯಿ ವೃತ್ತಿ ತೆರಿಗೆ ಮುರಿಯುತ್ತಾರೆ. ಗೋವಾದಲ್ಲಿ ಅದು ಇಲ್ಲವಂತೆ. ಹಾಗಾದರೆ ಅಲ್ಲಿ ಆದಾಯ ತೆರಿಗೆಯೂ ಕಡಿಮೆಯೇ?

ನಮ್ಮ ಯಜಮಾನರು ಮನೆಯಲ್ಲಿ ಕುಳಿತೇ ವಿನ್ಯಾಸದ ಕೆಲಸ ಮಾಡುತ್ತಾರೆ, ಅದರ ವರಮಾನ ಒಂದು ತಿಂಗಳು ಇದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ. ಅತ್ತೆಗೆ ಮೊಣಕಾಲು ನೋವು. ಮಗಳಿಗೆ ಏಳು ವರ್ಷ. ಧಾರವಾಡದಲ್ಲಿ ಅಪ್ಪ ಒಬ್ಬರೇ ಇದ್ದಾರೆ. ಅಂಧೇರಿ ಪೂರ್ವದಲ್ಲಿ ನೋಡಿದ ಎರಡು ಮಲಗುವ ಕೋಣೆಯ ಮನೆಗೆ 52,000 ಹೇಳಿದರು. ಕೇಳಿ ಮೆಟ್ಟಿಲಿಳಿಯುವಾಗ ಕಾಲು ನಡುಗಿತು.

ನಿವೃತ್ತ ಲೆಕ್ಕಿಗ, ಡೊಂಬಿವಲಿ

ತಂಗಿ, ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆ ಕೇಂದ್ರದ್ದು. ಕೃಷಿ ಆದಾಯವೊಂದನ್ನು ಬಿಟ್ಟರೆ ರಾಜ್ಯಗಳಿಗೆ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವಿಲ್ಲ. ವೆರ್ಣಾ ಆಗಲಿ ಅಂಧೇರಿಯಾಗಲಿ ದರ ಒಂದೇ. ರಾಜ್ಯದ ಪಾಲಿಗೆ ಇರುವುದು ಆ ವೃತ್ತಿ ತೆರಿಗೆ ಮಾತ್ರ. ಸಂವಿಧಾನದ 276ನೇ ವಿಧಿ ಅದಕ್ಕೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ, ಮಹಾರಾಷ್ಟ್ರ ಆ ಮಿತಿಯವರೆಗೂ ವಸೂಲು ಮಾಡುತ್ತದೆ. 1972ರ ಬರದ ನಂತರ ಇಲ್ಲಿ ಹಳ್ಳಿಯ ಜನರಿಗೆ ಕೂಲಿ ಕೊಡುವ ಉದ್ಯೋಗ ಖಾತರಿ ಯೋಜನೆ ಬೆಳೆಯಿತು. ಅದಕ್ಕೆ ಹಣ ಹೊಂದಿಸಲೆಂದೇ 1975ರಲ್ಲಿ ಈ ತೆರಿಗೆ ಬಂತು. ಮೂವತ್ತನಾಲ್ಕು ವರ್ಷ ಕಟ್ಟಿದ್ದೇನೆ, ಒಂದು ತಿಂಗಳೂ ಬೇಸರವೆನಿಸಲಿಲ್ಲ. ನೀವು ಊರು ಬದಲಿಸುವುದಕ್ಕೆ ಅದು ಕಾರಣವಾಗಬಾರದು.

ಈಗ ನಿಜವಾದ ಲೆಕ್ಕ. 2025-26ರ ದರಗಳಲ್ಲಿ, ಬಾಡಿಗೆ, ಉಳಿತಾಯದ ವಿನಾಯಿತಿಗಳಿಲ್ಲದ ಹೊಸ ತೆರಿಗೆ ಪದ್ಧತಿಯಲ್ಲಿ ಹಾಕಿದ್ದೇನೆ. ಮುಂಬೈಯ 15 ಲಕ್ಷದಲ್ಲಿ ಕಂಪನಿಯ ಪಾಲಿನ ಭವಿಷ್ಯ ನಿಧಿ 90,000, ಗ್ರಾಚ್ಯುಟಿ ಸುಮಾರು 36,000 ಮೊದಲೇ ಹೋಗುತ್ತವೆ. ಉಳಿಯುವ ಸಂಬಳ 13.74 ಲಕ್ಷ. ಅದರಲ್ಲಿ ಸಂಬಳದಾರರೆಲ್ಲರಿಗೂ ಸಿಗುವ 75,000 ಪ್ರಮಾಣಿತ ಕಡಿತ ಕಳೆದರೆ ತೆರಿಗೆಗೆ ಒಳಪಡುವುದು ಸುಮಾರು 12.99 ಲಕ್ಷ. 12 ಲಕ್ಷದ ಗೆರೆ ದಾಟಿದ್ದರಿಂದ, ಅದರೊಳಗಿದ್ದವರಿಗೆ ತೆರಿಗೆಯನ್ನು ಸೊನ್ನೆ ಮಾಡುವ ರಿಯಾಯಿತಿ ತಪ್ಪುತ್ತದೆ, ಸೆಸ್ ಸೇರಿ ಸುಮಾರು 77,800 ರೂಪಾಯಿ ತೆರಿಗೆ ಬೀಳುತ್ತದೆ. ನಿಮ್ಮ ಪಾಲಿನ ಭವಿಷ್ಯ ನಿಧಿಯನ್ನೂ ವೃತ್ತಿ ತೆರಿಗೆಯನ್ನೂ ಕಳೆದರೆ ತಿಂಗಳಿಗೆ ಕೈಗೆ ಸುಮಾರು 1,00,300.

ಗೋವಾದ 12.6 ಲಕ್ಷದಲ್ಲಿ ತೆರಿಗೆಗೆ ಒಳಪಡುವುದು 10.8 ಲಕ್ಷ ಮಾತ್ರ, ಆದ್ದರಿಂದ ಆದಾಯ ತೆರಿಗೆ ಸೊನ್ನೆ. ಕೈಗೆ ಸುಮಾರು 89,900. ಪತ್ರದಲ್ಲಿ ತಿಂಗಳಿಗೆ 20,000 ಎಂದು ಕಾಣುವ ವ್ಯತ್ಯಾಸ ಕೈಗೆ ಬರುವಾಗ 10,400ಕ್ಕೆ ಇಳಿಯಿತು. ಇದು ಗೋವಾ ರಾಜ್ಯದ ಕೃಪೆಯಲ್ಲ. ಅದೇ 15 ಲಕ್ಷವನ್ನು ಗೋವಾದವರು ಕೊಟ್ಟಿದ್ದರೂ ಆ 77,800 ಹೋಗಿಯೇ ಹೋಗುತ್ತಿತ್ತು.

ಅಂಧೇರಿಯ 52,000 ಬಾಡಿಗೆಗೆ ಹಳೆಯ ಪದ್ಧತಿಯಲ್ಲಿ ವಿನಾಯಿತಿ ಸಿಗುತ್ತದಲ್ಲ ಎಂದು ಯಾರಾದರೂ ಹೇಳಿದರೆ ನಂಬಿ ಸಹಿ ಮಾಡಬೇಡಿ. ಮುಂಬೈಗೆ ಮೂಲ ವೇತನದ ಶೇ. 50ರವರೆಗೆ ವಿನಾಯಿತಿ ಇದೆ, ನಿಜ. ಭವಿಷ್ಯ ನಿಧಿ, ಮಗಳ ಶಾಲಾ ಶುಲ್ಕ ಸೇರಿಸಿ 1.5 ಲಕ್ಷದ ಉಳಿತಾಯ ತುಂಬಿಸಿ, 25,000 ಆರೋಗ್ಯ ವಿಮೆಯನ್ನೂ ತೋರಿಸಿದರೆ ಹೊಸ ಪದ್ಧತಿಗಿಂತ ವರ್ಷಕ್ಕೆ 8,400 ರೂಪಾಯಿ ಉಳಿಯುತ್ತದೆ, ಅಷ್ಟೆ. ಅದಕ್ಕಾಗಿ ನೀವು ಕಟ್ಟುವ ಬಾಡಿಗೆ ವರ್ಷಕ್ಕೆ 6.24 ಲಕ್ಷ!

ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ ನಮ್ಮ ಓಣಿಯಲ್ಲೇ ಅಂಥ ಮನೆ 21,000ಕ್ಕೆ ಸಿಗುತ್ತದೆ. ಲೋಕಲ್‌ನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಅಂಧೇರಿ. ಹಣದ ಲೆಕ್ಕದಲ್ಲಿ ಗೋವಾಕ್ಕಿಂತಲೂ ಇದು ಮೇಲು. ಆದರೆ ಬಾಗಿಲಿನಿಂದ ಬಾಗಿಲಿಗೆ ಹೋಗಿ ಬರಲು ದಿನಕ್ಕೆ ನಾಲ್ಕು ಗಂಟೆ ಹಿಡಿಯಿರಿ. ನಾನು ಬೆಳಿಗ್ಗೆ 6.40ರ ಗಾಡಿ ಹಿಡಿಯುತ್ತಿದ್ದೆ. ನನ್ನ ಮಗ ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ "ನನ್ನ ತಂದೆ" ಎಂಬ ಪ್ರಬಂಧದಲ್ಲಿ "ನನ್ನ ತಂದೆ ಭಾನುವಾರ ಮನೆಯಲ್ಲಿರುತ್ತಾರೆ" ಎಂದು ಬರೆದಿದ್ದ. ಆ ಹಾಳೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು. ಗೋವಾದವರ ಜೊತೆ ಮಾತಾಡಿ ಸಿಟಿಸಿಯನ್ನು 13.9 ಲಕ್ಷಕ್ಕೆ ಏರಿಸಿಕೊಂಡರೂ ನಿಮ್ಮ ತೆರಿಗೆಯ ಆದಾಯ 12 ಲಕ್ಷದ ಒಳಗೇ ಇರುತ್ತದೆ. ಆಗ ಕೈಗೆ ಸುಮಾರು 99,100. ಮುಂಬೈಗಿಂತ 1,200 ಕಡಿಮೆ, ಅಷ್ಟೆ. ಠೇವಣಿಯ ಬಡ್ಡಿ ಇದ್ದರೆ ಅದೂ ಆ 12 ಲಕ್ಷಕ್ಕೆ ಸೇರುತ್ತದೆ, ಮರೆಯಬೇಡಿ.

ಪ್ಲೇನೋದಿಂದ ಮರಳಿದವನು, ಬಾಣೇರ್

ನಿಮ್ಮ ತಮ್ಮನವರು ಹೇಳಿದ್ದು ಅಲ್ಲಿಯ ಮಟ್ಟಿಗೆ ಸರಿ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಆದಾಯ ತೆರಿಗೆ ಹಂತ ಹಂತವಾಗಿ ಏರಿ ಕೊನೆಯ ಹಂತದಲ್ಲಿ ಶೇ. 13.3 ಮುಟ್ಟುತ್ತದೆ, ಟೆಕ್ಸಾಸಿನಲ್ಲಿ ಅದು ಇಲ್ಲ. ಆದರೆ ಟೆಕ್ಸಾಸಿನಲ್ಲಿ ಆಸ್ತಿ ತೆರಿಗೆ ಜೋರು. ಡಾಲಸ್ ಪಕ್ಕದ ಪ್ಲೇನೋದಲ್ಲಿ ನಮ್ಮ ಮನೆಗೆ ವರ್ಷಕ್ಕೆ 8,000 ಡಾಲರ್ ಮೀರಿ ಕಟ್ಟುತ್ತಿದ್ದೆವು. ನಮಗೆ ನಿಜವಾಗಿ ಕೈಹಿಡಿದದ್ದು ಬಾಡಿಗೆ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ತಿಂಗಳಿಗೆ 3,100 ಡಾಲರ್ ಕೊಡುತ್ತಿದ್ದವರು ಟೆಕ್ಸಾಸಿಗೆ ಬಂದ ಮೊದಲ ವರ್ಷ 1,700ಕ್ಕೆ ಅದಕ್ಕಿಂತ ದೊಡ್ಡ ಮನೆಯಲ್ಲಿದ್ದೆವು. ತಮ್ಮನವರನ್ನು ಬಾಡಿಗೆಯಲ್ಲಿ ಎಷ್ಟು ಉಳಿಯಿತು ಎಂದು ಕೇಳಿ ನೋಡಿ.

ವಾಸ್ಕೋ ಗೃಹಿಣಿ

ಅಕ್ಕಾ, ಗೋವಾ ಅಗ್ಗ ಎಂದುಕೊಂಡು ಬರಬೇಡಿ. ನಾವು ಹಾವೇರಿಯವರು, ಇಲ್ಲಿ ಒಂಬತ್ತು ವರ್ಷವಾಯಿತು. ಕಡಲತೀರದ ಕಡೆ ಮನೆ ನೋಡಲೇಬೇಡಿ. ಮಳೆಗಾಲದಲ್ಲಿ ಕಡಿಮೆಗೆ ಕೊಟ್ಟು, ಪ್ರವಾಸಿಗರು ಬರುವ ಹೊತ್ತಿಗೆ ಅಕ್ಟೋಬರ್‌ನಲ್ಲಿ ಖಾಲಿ ಮಾಡಿ ಎನ್ನುವ ಮಾಲೀಕರು ನಮಗೇ ಸಿಕ್ಕಿದ್ದರು. ಮಡಗಾಂವ್ ಅಥವಾ ವಾಸ್ಕೋದಲ್ಲಿ ನೋಡಿ. ನಾವು 24,000 ಕೊಡುತ್ತೇವೆ, ಲಿಫ್ಟ್ ಇದೆ. ನಿಮ್ಮ ಅತ್ತೆಗೆ ಅದು ಬೇಕೇ ಬೇಕು. ತರಕಾರಿ ಬೆಳಗಾವಿಯಿಂದ ಬರುತ್ತದೆ, ತೋಟಗಾರಿಕಾ ನಿಗಮದ ಮಳಿಗೆಯಲ್ಲಿ ರಿಯಾಯಿತಿ ದರಕ್ಕೆ ಸಿಗುತ್ತದೆ. ಮುಂಬೈಯ ಲೋಕಲ್‌ನಂಥದ್ದು ಇಲ್ಲಿಲ್ಲ, ಸ್ಕೂಟರ್ ಇಲ್ಲದೆ ಏನೂ ನಡೆಯುವುದಿಲ್ಲ. ಕಂಪನಿಯ ಬಸ್ ನಿಮ್ಮ ದಾರಿಗೆ ಬರುತ್ತದೆಯೇ ಎಂದು ಸಹಿ ಮಾಡುವ ಮೊದಲೇ ಕೇಳಿಕೊಳ್ಳಿ. ಧಾರವಾಡಕ್ಕೆ ಲೋಂಡಾ ದಾರಿಯ ರೈಲಿದೆ. ನಾವು ಊರಿಗೆ ಹೋಗುವಾಗ ಗಡಿಯ ಕ್ಯಾಸಲ್ ರಾಕ್ ನಿಲ್ದಾಣ ಬರುತ್ತಿದ್ದಂತೆ ನನ್ನ ಮಕ್ಕಳು ಅಜ್ಜಿಯ ಮನೆ ಬಂತು ಎಂದು ಕುಣಿಯುತ್ತಾರೆ.

ಧಾರವಾಡದವಳು, ಈಗ ಚಿಂಚವಡ

ಡೊಂಬಿವಲಿಯ ಹಿರಿಯರಿಗೆ ನಮಸ್ಕಾರಗಳು. ನಿಮ್ಮ ಲೆಕ್ಕವನ್ನು ಯಜಮಾನರಿಗೆ ಓದಿ ಹೇಳಿದೆ. ಪ್ರಬಂಧದ ವಿಷಯ ಬಂದಾಗ ಇಬ್ಬರೂ ಸುಮ್ಮನಾದೆವು. ಹಣದಲ್ಲಿ ಡೊಂಬಿವಲಿ ಮೇಲು ಎಂಬುದನ್ನು ಒಪ್ಪುತ್ತೇನೆ, ಆದರೆ ಆ ನಾಲ್ಕು ಗಂಟೆಯನ್ನು ನಾನು ಕೊಡಲಾರೆ. ಅಂಧೇರಿಯಲ್ಲೇ ಮನೆ ಮಾಡಿದರೆ ಬಾಡಿಗೆ ಕಳೆದು ಉಳಿಯುವುದು 48,300. ಈಗ ಪುಣೆಯಲ್ಲಿ ನನಗೆ 55,000 ಉಳಿಯುತ್ತಿದೆ! ವಾಸ್ಕೋದ 24,000 ಬಾಡಿಗೆ ಹಿಡಿದರೆ ವೆರ್ಣಾದವರು ಈಗ ಹೇಳಿರುವ ಸಂಬಳಕ್ಕೇ 65,900.

ಇಂದು ಬೆಳಿಗ್ಗೆ ವೆರ್ಣಾದವರಿಗೆ ಪತ್ರ ಬರೆದು 13.9 ಲಕ್ಷ ಕೇಳಿದ್ದೇನೆ, ಬಸ್ಸಿನ ದಾರಿಯನ್ನೂ ಕೇಳಿದ್ದೇನೆ. ಅಪ್ಪನಿಗೆ ಇನ್ನೂ ಏನೂ ಹೇಳಿಲ್ಲ. ವಾಸ್ಕೋದ ತಂಗಿ, ನಿಮ್ಮ ಕಟ್ಟಡದಲ್ಲಿ ಮನೆ ಖಾಲಿ ಇದ್ದರೆ ದಯವಿಟ್ಟು ತಿಳಿಸಿ.