ಮ್ಯಾಗ್ನೆಟ್ ಎಲ್ಲೂ ಅಂಟಲಿಲ್ಲ! 1991ರ ಎನ್‌ಎಸ್‌ಎಕ್ಸ್, ಓಡಿಸಿಕೊಂಡು ತರಲಾ, ಲಾರಿಗೆ ಹೇರಿಕೊಂಡು ತರಲಾ?

ಕೆಂಪುಕಾರು:
ಹುಡುಗನಾಗಿದ್ದಾಗಿನಿಂದ ಕನಸಲ್ಲಿದ್ದ ಕಾರು ಕೊನೆಗೂ ಮಾರಾಟಕ್ಕೆ ಸಿಕ್ಕಿದೆ. ಹೋಂಡಾ ಎನ್‌ಎಸ್‌ಎಕ್ಸ್, 1991ರದ್ದು, ಐದು ಗೇರಿನ ಮ್ಯಾನುಯಲ್, 61,000 ಕಿಲೋಮೀಟರ್ ಓಡಿದೆ. ನಿನ್ನೆ ಹೋಗಿ ನೋಡಿಕೊಂಡು ಬಂದೆ.

ಹಳೇ ಕಾರು ನೋಡೋಕೆ ಹೋಗುವಾಗ ಜೇಬಲ್ಲಿ ಪುಟ್ಟ ಮ್ಯಾಗ್ನೆಟ್ ಇಟ್ಟುಕೊಳ್ಳೋದು ನನ್ನ ಅಭ್ಯಾಸ, ಪುಟ್ಟಿ ಮೆತ್ತಿದ ಜಾಗ ಗೊತ್ತಾಗಲಿ ಅಂತ. ಬಾಗಿಲಿಗೆ ಇಟ್ಟೆ, ಬಿತ್ತು. ಬಾನೆಟ್ಟಿಗೆ ಇಟ್ಟೆ, ಜಾರಿ ಬಿತ್ತು. ಛಾವಣಿ, ಅದೂ ಇಲ್ಲ. ಇಡೀ ಕಾರೇ ಪುಟ್ಟಿಯಾ ಅಂತ ಎದೆ ಧಸಕ್ಕೆಂದಿತು. ಮಾರುವವರು ನಗು ತಡೆದುಕೊಂಡು "ಅಲ್ಯೂಮಿನಿಯಂ ಬಾಡಿ ಸಾರ್" ಅಂದರು. ಗೊತ್ತಿದ್ದ ವಿಷಯವೇ, ಆ ಹೊತ್ತಿಗೆ ಹೊಳೆಯಲೇ ಇಲ್ಲ.

ಮುಖ್ಯ ಪ್ರಶ್ನೆ ಇದು: ಮನೆಗೆ 380 ಕಿಲೋಮೀಟರ್. ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯ್ತು, ಹೊಗೆ ಇಲ್ಲ. ಟೈರಿನ ಗೆರೆ ಹೊಸದರ ಹಾಗೇ ಇದೆ. ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವ್ ಆಡಿಸೋ ರಬ್ಬರ್ ಪಟ್ಟಿ) ಬದಲಾಯಿಸಿದ್ದು 2009ರಲ್ಲಿ, ಆದರೆ ಆಮೇಲೆ ಬರೀ 4,000 ಓಡಿದೆ. ಓಡಿಸಿಕೊಂಡೇ ಬರೋಣ ಅಂತ ಆಸೆ. ಏನಂತೀರಿ?

ಹಳೇಗೇರು:
ಮಾರಾಯ್ರೇ, ಬೆಲ್ಟ್ ವಿಷಯ ಓದಿ ನನಗೇ ಬೆವರು ಬಂತು. ರಬ್ಬರಿಗೆ ವಯಸ್ಸಾಗೋದು ಓಡಿದ್ದಕ್ಕಿಂತ ಹೆಚ್ಚಾಗಿ ಕೂತಿದ್ದಕ್ಕೆ. ಕಿಲೋಮೀಟರ್ ಎಷ್ಟೇ ಇರಲಿ, ಆರೇಳು ವರ್ಷಕ್ಕೆ ಬದಲಾಯಿಸಲೇಬೇಕು. ಈ 3 ಲೀಟರ್ ವಿ6ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ನು ನೇರ ವಾಲ್ವಿಗೇ ಹೊಡೆಯುತ್ತೆ. ಅಲ್ಲಿಗೆ ಎಂಜಿನ್ ಕಥೆ ಮುಗೀತು. "ಒಂದೇ ಸಲ ತಾನೇ" ಅನ್ನಬೇಡಿ, ತುಂಡಾಗೋಕೂ ಒಂದೇ ಸಲ ಸಾಕು.

ಟೈರಿನ ಗೆರೆ ನೋಡಬೇಡಿ, ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ಇರೋ ನಾಲ್ಕು ಅಂಕಿ ನೋಡಿ. ಮೊದಲೆರಡು ವಾರ, ಉಳಿದೆರಡು ವರ್ಷ. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು, ಕಾರಿನ ಜೊತೆ ಫೋಟೊ ತೆಗೆಸಿಕೊಂಡು ಬಿಟ್ಟುಬಿಡಿ.

ಇನ್ನೊಂದು, ಇದು ಮುಂಗಡ ಕೊಡೋ ಮೊದಲೇ ಆಗಬೇಕು. ಶುರುವಿನ ವರ್ಷಗಳ ಕೆಲವು ಐದು ಗೇರಿನ ಗೇರ್‌ಬಾಕ್ಸುಗಳಲ್ಲಿ ಕೌಂಟರ್‌ಶಾಫ್ಟ್ (ಒಳಗೆ ಗೇರುಗಳನ್ನ ಹೊತ್ತ ದಂಡ) ಬೇರಿಂಗ್ ಹಿಡಿದಿಡೋ ಸ್ನ್ಯಾಪ್ ರಿಂಗ್ ಅನ್ನೋ ಉಕ್ಕಿನ ಬಳೆ ಒಡೆಯೋ ರೋಗ ಇದೆ. ಎಲ್ಲವೂ ಅಲ್ಲ, ಒಂದು ನಂಬರ್ ಸರಣಿಯವು. ಗೇರ್‌ಬಾಕ್ಸ್ ಮೇಲೆ ನಂಬರ್ ಕೆತ್ತಿರುತ್ತೆ, ಕನ್ನಡಿ ಹಿಡಿದು ಓದಿ. ಆ ಸರಣಿಯದೇ ಆದರೆ, ರಿಪೇರಿ ಆಗಿರೋ ಕಾಗದ ಕೇಳಿ. ಬಾಯಿಮಾತು ಬೇಡ.

ಮ್ಯಾಗ್ನೆಟ್ ಮನೇಲಿ ಬಿಡಿ. ಅಲ್ಯೂಮಿನಿಯಂ ಮೇಲೂ ಬಣ್ಣದ ದಪ್ಪ ಅಳೆಯೋ ಪೇಂಟ್ ಮೀಟರ್ ತಗೊಂಡು ಹೋಗಿ. ಒಂದೇ ಪ್ಯಾನೆಲ್ಲಿನಲ್ಲಿ ಇಲ್ಲಿ 130 ಮೈಕ್ರಾನ್, ಒಂದು ಗೇಣು ಆಚೆ 600 ಅಂದರೆ ಅಲ್ಲಿ ಯಾರೋ ಏನೋ ಮುಚ್ಚಿಟ್ಟಿದ್ದಾರೆ. ಅಲ್ಯೂಮಿನಿಯಂ ತಟ್ಟಿ, ವೆಲ್ಡ್ ಮಾಡಿ ಸರಿಮಾಡೋ ಕೈಗಳು ಕಡಿಮೆ, ಅದಕ್ಕೇ ಹೇಳ್ತಿದ್ದೀನಿ.

ಸೆಕೆಂಡ್‌ಗೇರ್:
ಎಲ್ಲರೂ ಯಾಕಿಷ್ಟು ಹೆದರಿಸ್ತೀರಿ? 8,000 ಆರ್‌ಪಿಎಂ ತನಕ ಹಾಡೋ ಎಂಜಿನ್ ಅದು. 1989ರಲ್ಲಿ ಜಪಾನಿನ ಸುಜುಕಾ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ಚಾಲಕ ಸೆನ್ನಾ ಓಡಿಸಿ ನೋಡಿ, ಇನ್ನೂ ಗಟ್ಟಿಯಾಗಬೇಕು ಅಂದಿದ್ದಕ್ಕೆ ಹೋಂಡಾ ಬಾಡಿಯನ್ನೇ ಬಿಗಿಮಾಡಿತು. ಅಂಥ ಕಾರನ್ನ ಲಾರಿ ಮೇಲೆ ಹೆಣದ ಹಾಗೆ ಮಲಗಿಸಿ ತರೋದಾ? (ಸರಿ, ಬೆಲ್ಟ್ ಬದಲಾಯಿಸಿ. ಆಮೇಲೆ ಓಡಿಸಿ.)

ಟ್ರೇಲರ್‌ಮನೆ:
ಹೇರೋದೇ ಆದರೆ ಮುಚ್ಚಿದ ಟ್ರೇಲರ್, ಉದ್ದ ರ‍್ಯಾಂಪ್. ಮೂತಿ ತಗ್ಗು, ರ‍್ಯಾಂಪಿನ ಬುಡಕ್ಕೆ ಮರದ ಹಲಗೆ ಜೋಡಿಸದಿದ್ದರೆ ಬಂಪರ್ ಕೆಳಗೆ ಕೆರೆಯುತ್ತೆ. ಕಾರು ಅಲುಗಾಡದ ಹಾಗೆ ಕಟ್ಟೋ ಪಟ್ಟಿ ಬಿಗಿಯೋದು ಚಕ್ರಕ್ಕೆ ಮಾತ್ರ. ಸಸ್ಪೆನ್ಷನ್ ಆರ್ಮೂ ಅಲ್ಯೂಮಿನಿಯಮ್ಮೇ, ಅದಕ್ಕೆ ಕೊಕ್ಕೆ ಹಾಕಲು ಬಂದವನ ಕೈ ಹಿಡಿಯಿರಿ.

ಕೆಂಪುಕಾರು:
ಬಂತು! ಮೂರು ವಾರ ಇಲ್ಲಿಗೆ ಬರೋಕಾಗಲಿಲ್ಲ, ಕ್ಷಮಿಸಿ.

ಟೈರಿನ ಅಂಕಿ 3208. ಹೊಸದರ ಹಾಗೆ ಹೊಳೀತಿದ್ದ ಟೈರು 2008ರದ್ದು, ಉಗುರು ಒತ್ತಿದರೆ ಮರದ ಹಾಗೆ! ಆ ಅಂಕಿ ನೋಡಿದ್ದೇ ಓಡಿಸೋ ಆಸೆ ಇಳಿದುಹೋಯ್ತು. ಗೇರ್‌ಬಾಕ್ಸ್ ನಂಬರ್ ರೋಗದ ಸರಣಿಯದೇ, ಆದರೆ ಆ ರಿಂಗ್ ಕೂರೋ ಗೇರ್‌ಬಾಕ್ಸ್ ಕೇಸ್ ಬದಲಾಯಿಸಿದ ಬಿಲ್ ಫೈಲಲ್ಲಿತ್ತು. ಮೀಟರ್ ಎಡ ಹಿಂಬದಿಯಲ್ಲಿ ಒಂದು ಕಡೆ 410 ತೋರಿಸ್ತು. ಕೇಳಿದ್ದಕ್ಕೆ, ಹಳೇ ಗೀರು ಸರಿಮಾಡಿಸಿದ್ದು ಅಂತ ಒಪ್ಪಿಕೊಂಡರು, ಬೆಲೆ ಸ್ವಲ್ಪ ಇಳೀತು.

ಹಲಗೆ ಉಪಾಯ ಮಾಡಿದೆವು. ಮೂತಿಗೂ ರ‍್ಯಾಂಪಿಗೂ ನಡುವೆ ಎರಡು ಬೆರಳು ಜಾಗ ಉಳೀತು. ನಾನು ನೆಲಕ್ಕೆ ಮೊಣಕಾಲೂರಿ ಅದನ್ನೇ ನೋಡ್ತಿದ್ದೆ, ಉಸಿರಾಡಿದ ನೆನಪಿಲ್ಲ.

ಮೊನ್ನೆ ಬೆಲ್ಟೂ ಅದರ ಜೊತೆಗೆ ವಾಟರ್ ಪಂಪೂ ಬದಲಾಯ್ತು. ಹಳೇ ಬೆಲ್ಟನ್ನ ಮೆಕ್ಯಾನಿಕ್ ನನ್ನ ಕೈಗೆ ಕೊಟ್ಟು "ಮಡಚಿ ನೋಡಿ" ಅಂದರು. ಹಲ್ಲುಗಳ ಬುಡದಲ್ಲೆಲ್ಲ ಕೂದಲೆಳೆಯಷ್ಟು ಬಿರುಕು. ಸೆಕೆಂಡ್‌ಗೇರ್ ಸಾರ್, ಅದನ್ನ ನಿಮಗೇ ಕಳಿಸಿಕೊಡ್ತೀನಿ.

ಈಗ ಕಾರು ಜ್ಯಾಕಿನ ಮೇಲಿದೆ. ಮುಂದೆ 15 ಇಂಚು, ಹಿಂದೆ 16. ಎರಡೂ ಅಳತೆಗೆ ಒಂದೇ ಜಾತಿಯ ಟೈರು ಸಿಗ್ತಿಲ್ಲ. ನೀವೆಲ್ಲ ಯಾವುದು ಹಾಕಿಕೊಂಡಿದ್ದೀರಿ?